ಕಾಲೇಜಿನ ಕೊಳಗ



‘ಕಾಲೇಜಿನಲ್ಲಿ ಸಮಾನತೆ’ ಎಂಬ ವಿಷಯ ಕೊಟ್ಟಿದ್ದೀರಿ. ಅಳತೆಯಿಂದಲೇ ಶುರು ಮಾಡುತ್ತೇನೆ. ಇಂಜಿನಿಯರಿಗೆ ಬೇರೆ ದಾರಿ ಗೊತ್ತಿಲ್ಲ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಗೇಣಿದಾರರು ದೀವರು, ಭೂಮಾಲೀಕರು ನಮ್ಮವರೇ, ಲಿಂಗಾಯತರು. ನಮ್ಮ ವೇದಿಕೆಗಳಲ್ಲಿ ಈ ಮಾತು ಕೇಳಿಬರುವುದು ಕಡಿಮೆ, ಅದಕ್ಕೇ ಆಡುತ್ತಿದ್ದೇನೆ.

ಅಂಥ ಗೇಣಿದಾರರ ಮೊಮ್ಮಕ್ಕಳು ಇಂದು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿದ್ದಾರೆ. ಈಗಿನ ಕೊಳಗದ ಹೆಸರು ‘ಮೆರಿಟ್’. ‘ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?’ ಎಂದು ಹಾಸ್ಟೆಲಿನಲ್ಲಿ ಕೇಳುವವರು ಎಷ್ಟೋ ಸಲ ಕೇಳುತ್ತಿರುವುದು ಜಾತಿಯನ್ನು. ಕೇಳಿಸಿಕೊಂಡವನಿಗೆ ಅದು ಗೊತ್ತಾಗುತ್ತದೆ.

ಲೆವೆಲಿಂಗ್ ಮಾಡಿದವರಿಗೆ ಗೊತ್ತು, ಬೆಂಚ್ ಮಾರ್ಕ್ ತಿಳಿಯದೆ ಬರೀ ಸ್ಟಾಫ್ ರೀಡಿಂಗ್ ಓದಿದರೆ ನೆಲದ ಎತ್ತರ ಸಿಗುವುದಿಲ್ಲ. ಶರಾವತಿ ಹಿನ್ನೀರು ನಿಂತ ಮೇಲೆ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಾಯಿತು. ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಸಂಜೆ ಟ್ಯೂಷನ್ನಿಗೆ ನಿಂತರೆ ಮನೆ ಸೇರಲಾಗದ ಹುಡುಗಿಯ ಅರವತ್ತು ಅಂಕವೂ ಶಿವಮೊಗ್ಗದಲ್ಲಿ ಕೋಚಿಂಗ್ ಪಡೆದವನ ಅರವತ್ತೂ ಒಂದೇ ಎನ್ನುವುದು ಯಾವ ಲೆಕ್ಕ?

ಮೀಸಲಾತಿ ಎಂದರೆ ಮುಖ ಸಿಂಡರಿಸುವ ಹಿರಿಯರು ನಮ್ಮಲ್ಲಿದ್ದಾರೆ. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರನ್ನು ಹಿಂದುಳಿದವರೆಂದು ಕಂಡಿತು. ಅವರಲ್ಲಿ ನಾವೂ ಇದ್ದೆವು. ಆಗ ಅದು ನ್ಯಾಯ. 1975ರಲ್ಲಿ ಹಾವನೂರು ಆಯೋಗ ನಮ್ಮನ್ನು ಪಟ್ಟಿಯಿಂದ ಹೊರಗಿಟ್ಟಾಗ ಅನ್ಯಾಯ! ಅಳತೆ ಬದಲಾಯಿತೋ, ನಾವು ಬದಲಾದೆವೋ?

ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ, ಒಂದು ಸಮಾನ ಅವಕಾಶ ಘಟಕ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ನಿಮ್ಮ ಕಾಲೇಜಿನಲ್ಲಿ ಅವರು ಯಾರೆಂದು ವಿದ್ಯಾರ್ಥಿಗಳು ನಾಳೆಯೇ ಪ್ರಾಂಶುಪಾಲರನ್ನು ಕೇಳಿ. ಹೆಸರು ಗೋಡೆಯ ಮೇಲಿರಬೇಕು, ಕಡತದಲ್ಲಲ್ಲ.

ಇನ್ನು ನಮ್ಮ ಮನೆಯ ಕೆಲಸ. ಸಿದ್ಧಗಂಗೆಯ ದಾಸೋಹದಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನಮ್ಮ ಸಮಾಜದ ಎಷ್ಟೋ ಹಾಸ್ಟೆಲುಗಳ ಅರ್ಜಿಯಲ್ಲಿ ಮಾತ್ರ ಇಂದಿಗೂ ‘ಒಳಪಂಗಡ’ ಎಂಬ ಕಾಲಂ ಇದೆ. ಆಡಳಿತ ಮಂಡಳಿಯವರು ಮುಂದೆಯೇ ಕುಳಿತಿದ್ದೀರಿ. ಬರುವ ಜೂನ್‌ಗೆ ಹೊಸ ಅರ್ಜಿ ಅಚ್ಚಾಗುವ ಮುಂಚೆ ಆ ಕಾಲಂ ತೆಗೆಯಿರಿ. ಅದರ ಜಾಗದಲ್ಲಿ ‘ಮನೆಯಿಂದ ಕಾಲೇಜಿಗೆ ಎಷ್ಟು ದೂರ, ಬಸ್ ಇದೆಯೇ’ ಎಂದು ಕೇಳಿ.