ಶಾಲೆಯ ಅಂಕ, ಮನೆಯ ಅಂಕ



ಈ ನಾಡಿನಲ್ಲಿ ಮನೆ ಕೊಳ್ಳಲು ಹೊರಟಾಗ ನಾವು ಮೊದಲು ವಿಚಾರಿಸುವುದು ಶಾಲೆಯನ್ನು, ವಾಸ್ತುವೇನಿದ್ದರೂ ಆಮೇಲೆ. 1999ರ ಕಾಯಿದೆಯಂತೆ ಕ್ಯಾಲಿಫೋರ್ನಿಯಾ ಸರ್ಕಾರವು ಪ್ರತಿ ಶಾಲೆಗೂ 200ರಿಂದ 1000ದವರೆಗೆ ಅಂಕ ಕೊಡತೊಡಗಿತು. 800 ಮುಟ್ಟುವುದು ಗುರಿ. 2013ರ ತರುವಾಯ ಆ ಅಂಕ ನಿಂತಿತು. ಅಂಕ ನೋಡುವ ನಮ್ಮ ಚಟ ನಿಲ್ಲಲಿಲ್ಲ.

ಲಾಸ್ ಏಂಜಲೀಸ್ ಪೇಟೆಯ ಪಶ್ಚಿಮದ ಅಂಚಿನಲ್ಲಿ ಬೆಲ್ಮಾಂಟ್ ಎಂಬ ಪ್ರೌಢಶಾಲೆಯಿದೆ. 1990ರ ದಶಕದಲ್ಲಿ ಅಲ್ಲಿ ಸುಮಾರು 5,000 ವಿದ್ಯಾರ್ಥಿಗಳು. ಹೆಚ್ಚಿನವರು ಮೆಕ್ಸಿಕೊ, ಮಧ್ಯ ಅಮೆರಿಕಗಳಿಂದ ಬಂದ ದುಡಿಮೆಗಾರರ ಮಕ್ಕಳು. ಅವರೂ ನಮ್ಮಂತೆಯೇ ವಲಸೆ ಬಂದವರು ಎಂಬುದು ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ಸ್ಥಳ ಸಾಲದ್ದರಿಂದ ನಗರದ ಇಂಥ ಶಾಲೆಗಳು ವರ್ಷವಿಡೀ ಸರದಿಯ ಮೇಲೆ ನಡೆದವು. ಕೆಲವು ಶಾಲೆಗಳ ಮಕ್ಕಳಿಗೆ 180 ದಿನಗಳ ಬದಲು 163 ದಿನಗಳ ಪಾಠ ಮಾತ್ರ ದೊರೆಯಿತು. ಮತ್ತೆಷ್ಟೋ ಮಕ್ಕಳು ಬಸ್ಸಿನಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಗೆ ಹೋಗಿ ಕಲಿತರು. ಇಂಥ ಮಕ್ಕಳ ಪರವಾಗಿ 2000ದಲ್ಲಿ ಹೂಡಿದ ವಿಲಿಯಮ್ಸ್ ಮೊಕದ್ದಮೆ 2004ರಲ್ಲಿ ರಾಜಿಯಾಗಿ, 163 ದಿನಗಳ ಪದ್ಧತಿಯನ್ನು ಕೈಬಿಡುವುದೆಂದು ನಿಶ್ಚಯವಾಯಿತು. 1997ರಿಂದ ಮತದಾರರು ಮತ್ತೆ ಮತ್ತೆ ಸಾಲಪತ್ರಗಳಿಗೆ ಒಪ್ಪಿಗೆಯಿತ್ತು, ನೂರಕ್ಕೂ ಮಿಕ್ಕಿ ಹೊಸ ಶಾಲೆಗಳು ಎದ್ದವು. ರಾಬರ್ಟ್ ಕೆನಡಿ ಗುಂಡೇಟಿಗೆ ಗುರಿಯಾದ ಅಂಬಾಸಡರ್ ಹೋಟೆಲಿನ ನೆಲದಲ್ಲಿ 2010ರಲ್ಲಿ ತೆರೆದ ಶಾಲಾ ಸಮುಚ್ಚಯಕ್ಕೆ 57 ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಯಿತು.

ಕೋಣೆಗಳು ಸಿದ್ಧವಾಗುವಷ್ಟರಲ್ಲಿ ಮಕ್ಕಳೇ ಕಡಿಮೆಯಾಗತೊಡಗಿದ್ದರು! 2003ರ ಸುಮಾರಿಗೆ ಆ ಜಿಲ್ಲೆಯಲ್ಲಿ 7 ಲಕ್ಷ 40 ಸಾವಿರ ಮೀರಿದ್ದ ದಾಖಲಾತಿ, 2023-24ರ ಹೊತ್ತಿಗೆ ಚಾರ್ಟರ್ ಶಾಲೆಗಳನ್ನೂ ಸೇರಿಸಿ ಸುಮಾರು 5 ಲಕ್ಷ 30 ಸಾವಿರಕ್ಕೆ ಇಳಿಯಿತು. ಬಾಡಿಗೆ ಏರಿತು, ಜನನ ತಗ್ಗಿತು, ಕುಟುಂಬಗಳು ದೂರ ಸರಿದವು. ಈ ರಾಜ್ಯದಲ್ಲಿ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಣ ಬರುವುದು ದಿನದ ಸರಾಸರಿ ಹಾಜರಿಯ ಲೆಕ್ಕದಲ್ಲಿ. ಮಗು ಹೋದರೆ ಅದರ ಪಾಲಿನ ಹಣವೂ ಹೋಗುತ್ತದೆ. ಸೋರುವ ಮಾಡು ಮಾತ್ರ ಅಲ್ಲೇ ಉಳಿಯುತ್ತದೆ. ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾದೊಡನೆ ಮೇಷ್ಟರನ್ನು 'ಹೆಚ್ಚುವರಿ' ಎಂದು ಬೇರೆಡೆಗೆ ಕಳುಹಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಯಾನ್ ಡಿಯಾಗೊದಲ್ಲಿ ನಮ್ಮವರು ಹೆಚ್ಚಾಗಿ ಅರಸುವುದು ಉತ್ತರದ ಪೌವೇ ಜಿಲ್ಲೆಯ ಶಾಲೆಗಳನ್ನು. ಒಳ್ಳೆಯ ಶಾಲೆಗಳೇ, ಸಂದೇಹವಿಲ್ಲ. ಆದರೆ ಅಲ್ಲಿನ ಅಂಕದಲ್ಲಿ ರಾತ್ರಿ ಊಟವಾದ ಮೇಲೆ ಗಣಿತ ಹೇಳಿಕೊಡುವ ಇಂಜಿನಿಯರ್ ತಂದೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು? 2013ರ ಅನುದಾನ ಸೂತ್ರವು ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೂ ಹೆಚ್ಚಿನ ಹಣ ಕೊಡುತ್ತದೆ. ಅಂತಹ ತಂದೆಯನ್ನು ಯಾವ ಸೂತ್ರವೂ ಕೊಡಲಾರದು.

ಅದೇ ನಗರದ ಲಾ ಹೋಯಾದಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೆ, 1999ರಲ್ಲಿ ಪ್ರಾಯ್ಸ್ ಶಾಲೆ ಆರಂಭವಾಯಿತು. ಕಡಿಮೆ ವರಮಾನದ, ಮನೆಯಲ್ಲಿ ಯಾರೂ ಪದವೀಧರರಲ್ಲದ ಮಕ್ಕಳಿಗೆಂದೇ ತೆರೆದ ಶಾಲೆ ಅದು. ಅರ್ಜಿ ಹಾಕುವಷ್ಟು ಕಾಳಜಿಯುಳ್ಳ ತಾಯ್ತಂದೆಯರ ಮಕ್ಕಳೇ ಅಲ್ಲಿಗೆ ಬರುತ್ತಾರೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೂ ಅಲ್ಲಿಂದ ಹೊರಬರುವವರಲ್ಲಿ ಬಹುಮಂದಿ ಕಾಲೇಜು ಸೇರುತ್ತಾರೆ. ಇಂಜಿನಿಯರ್ ತಂದೆಯಿಲ್ಲದ ಕೊರತೆಯನ್ನು ತುಂಬಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಬಂದು ಪಾಠಕ್ಕೆ ನೆರವಾಗುತ್ತಾರೆ. ಆ ವಿಶ್ವವಿದ್ಯಾಲಯದಲ್ಲಿ ನಮ್ಮ ಕನ್ನಡದ ಮಕ್ಕಳೂ ಓದುತ್ತಾರಲ್ಲವೇ? ವಾರಕ್ಕೆ ಎರಡು ಗಂಟೆ ಸಾಕು ಎನ್ನುತ್ತೇವೆ ನಾವು.