ಅಪ್ಪಣೆ ಸರಕಾರದ್ದು, ಸಾಲ ಸಾರಿಗೆಯದು
(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಐದು ತಾಲ್ಲೂಕುಗಳಿಂದ ತಾವು ಇಲ್ಲಿಗೆ ಬಂದು ನೆರೆದಿದ್ದೀರಿ. ಬಸ್ಸಿನ ವಿಷಯವಾಗಿ ಒಂದು ಸಭೆಯೇ, ಅದಕ್ಕೊಂದು ಭಾಷಣವೇ ಎಂದು ಕೆಲವರು ನಗಬಹುದು. ನಾಡು ಕಟ್ಟುವ ಮಾತನ್ನಾಡುವವರು ಮೋಟಾರಿನ ಮಾತಿಗಿಳಿದರಲ್ಲಾ ಎಂದು ಮೂಗು ಮುರಿಯುವವರೂ ಇದ್ದಾರು. ಅಂಥವರಿಗೆ ನಮ್ಮ ಅರಿಕೆಯಿಷ್ಟೆ: ಉಚ್ಚಂಗಿದುರ್ಗದ ಕೂಲಿಯವನ ಮಗಳು ಕಾಲೇಜಿಗೆ ಹೋಗಿ ಹೊತ್ತು ಮುಳುಗುವ ಮುನ್ನ ಮನೆ ಸೇರಲಾರಳಾದರೆ, ಅವಳ ಪಾಲಿಗೆ ನಾಡು ಒಂದಾದದ್ದರ ಫಲವೇನು?

ಬಸ್ಸು ಬಾರದಿದ್ದರೆ ನಾವು ಡ್ರೈವರನನ್ನು ಬಯ್ಯುತ್ತೇವೆ. ಅವನು ಸಿಕ್ಕದಿದ್ದರೆ ಕಂಡಕ್ಟರನನ್ನು. ಇಬ್ಬರೂ ಸಿಕ್ಕದಿದ್ದರೆ ಡಿಪೋ ಮ್ಯಾನೇಜರನನ್ನು. ಈ ಮೂವರಲ್ಲಿ ಯಾರೂ ಬಸ್ಸನ್ನು ನಿಲ್ಲಿಸಿದವರಲ್ಲವೆಂಬುದನ್ನೂ, ನಿಲ್ಲಿಸಿದ ಕಾರಣವು ಕಾಯಿದೆಯ ಪುಸ್ತಕದಲ್ಲಿಯೂ ಸರಕಾರದ ಆಯವ್ಯಯದಲ್ಲಿಯೂ ಅಡಗಿ ಕುಳಿತಿದೆಯೆಂಬುದನ್ನೂ ತೋರಿಸುವುದೇ ಇಂದಿನ ನಮ್ಮ ಉದ್ದೇಶ.

ಮೊದಲು ಕೊಂಚ ಪೂರ್ವಕಥೆ. ಕನ್ನಡಿಗರು ಹಲವು ಆಳಿಕೆಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಅವರ ಬಸ್ಸುಗಳೂ ಹಾಗೆಯೇ ಹಂಚಿಹೋಗಿದ್ದವು. ನಿಜಾಮರ ಸಂಸ್ಥಾನದಲ್ಲಿ 1932ರಷ್ಟು ಹಿಂದೆಯೇ ಸರಕಾರಿ ಬಸ್ಸುಗಳು ಆರಂಭವಾದವು. ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸರಕಾರದ ಸಾರಿಗೆ ಇಲಾಖೆ ಕಣ್ಣು ತೆರೆಯಿತು. ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೋ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಖಾಸಗಿ ಧಣಿಗಳ ಮೋಟಾರು ಬಂದಾಗ ಬಂದಿತು, ತುಂಬಿದಾಗ ಹೊರಟಿತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರನ್ನು ಸೇರಿದವು. 1956ರ ನವೆಂಬರ್ 1ರಂದು ನಾಡೆಲ್ಲ ಒಂದಾಯಿತು. ಆಮೇಲೆ 1961ರ ಆಗಸ್ಟ್ 1ರಿಂದ, 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಮೇರೆಗೆ, ಇಲಾಖೆಯು ನಿಗಮವಾಯಿತು.

ನಿಗಮವೊಂದೇ ಇದ್ದಾಗ ಒಂದು ದೊಡ್ಡ ಅನುಕೂಲವಿದ್ದಿತು. ಬೆಂಗಳೂರು ಮೈಸೂರಿನಂಥ ದಾರಿಗಳ ಲಾಭದಲ್ಲಿ ಗುಡೇಕೋಟೆಯಂಥ ಊರಿನ ಬಸ್ಸಿನ ನಷ್ಟವನ್ನು ತುಂಬಿಕೊಳ್ಳಬಹುದಾಗಿದ್ದಿತು. ಅಣ್ಣ ದುಡಿದುದು ತಮ್ಮನಿಗೂ ಸಲ್ಲುವುದು ಅವಿಭಕ್ತ ಕುಟುಂಬದ ರೀತಿಯಷ್ಟೆ. 1997ರಲ್ಲಿ ಬೆಂಗಳೂರು ಮಹಾನಗರದ ಸಂಸ್ಥೆ ಬೇರೆಯಾಯಿತು. ಅದೇ ವರ್ಷ ವಾಯವ್ಯ ಕರ್ನಾಟಕದ ಸಂಸ್ಥೆ. 2000ದ ಆಗಸ್ಟ್ 15ರಂದು ಕಲಬುರಗಿಯಲ್ಲಿ ಈಶಾನ್ಯ ಕರ್ನಾಟಕದ್ದು. ಅದಕ್ಕೇ ಇಂದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು. ಆಡಳಿತ ಹತ್ತಿರ ಬರಲೆಂದು ಈ ಪಾಲು ಮಾಡಿದರು. ಆ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಹರಪನಹಳ್ಳಿಯವರಿಗೆ ದಾವಣಗೆರೆ ಕೂಗಳತೆಯಲ್ಲಿದ್ದಂತೆ, ಕಲಬುರಗಿಯೋ ಮುನ್ನೂರು ಕಿಲೋಮೀಟರಿಗೂ ಆಚೆ ಎಂಬುದನ್ನು ಮಾತ್ರ ಜ್ಞಾಪಿಸುತ್ತೇವೆ. ಆದರೆ ಪಾಲಿನಲ್ಲಿ ನಮಗೆ ಬಂದುದೇನು? ಲಾಭದ ದಾರಿಗಳು ಬಹುಮಟ್ಟಿಗೆ ಅಣ್ಣಂದಿರಿಗೆ ಹೋದುವು. ಬೀದರದಿಂದ ನಮ್ಮ ತುಂಗಭದ್ರೆಯ ದಡದವರೆಗಿನ ಬರದ ನಾಡು ನಮ್ಮ ನಿಗಮಕ್ಕೆ ಉಳಿಯಿತು. ಮನೆ ಒಡೆದವರು ತಮ್ಮನಿಗೆ ಜೀವನಾಂಶ ಎಷ್ಟೆಂಬುದನ್ನು ಪತ್ರದಲ್ಲಿ ಬರೆಯಲಿಲ್ಲ.

ಇನ್ನು ಕಾಯಿದೆಗೆ ಬರೋಣ. ನ್ಯಾಯವಾದಿಗಳ ಮಾತು ಬೇಸರ ತರುವುದೆಂದು ಬಲ್ಲೆವು; ಆದರೂ ಮೂರೇ ಕಲಮುಗಳನ್ನು ತಾವು ನೆನಪಿನಲ್ಲಿಡಬೇಕು. 18ನೆಯ ಕಲಮು ಹೇಳುತ್ತದೆ: ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಸುಸಂಘಟಿತವೂ ಆದ ಸಾರಿಗೆಯನ್ನು ಜನಕ್ಕೆ ಒದಗಿಸುವುದು ನಿಗಮದ ಧರ್ಮ. 22ನೆಯ ಕಲಮು ಹೇಳುತ್ತದೆ: ನಿಗಮವು ವ್ಯಾಪಾರದ ತತ್ತ್ವಗಳ ಮೇಲೆ ನಡೆಯತಕ್ಕದ್ದು. 34ನೆಯ ಕಲಮು ಹೇಳುತ್ತದೆ: ರಾಜ್ಯ ಸರಕಾರವು ನಿಗಮದೊಡನೆ ಸಮಾಲೋಚಿಸಿ ಸೂಚನೆಗಳನ್ನು ಕೊಡಬಹುದು, ನಿಗಮವು ಅವನ್ನು ಮೀರಕೂಡದು.

ಈ ಮೂರನ್ನೂ ಒಟ್ಟಿಗೆ ಓದಿರಿ. ಒಂದು ಕಲಮು ನಿಗಮವನ್ನು ಸೇವಕನೆನ್ನುತ್ತದೆ, ಇನ್ನೊಂದು ವರ್ತಕನೆನ್ನುತ್ತದೆ, ಮೂರನೆಯದು ಊಳಿಗದವನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಹತ್ತು ಜನರೂ ಏರದ ದಾರಿಗೆ ಬಸ್ಸು ಬಿಡೆಂದರೆ ವರ್ತಕ ಒಲ್ಲೆನೆಂದಾನು, ಸೇವಕ ಒಲ್ಲೆನೆನ್ನಲಾರ. ಹಾಗಾದರೆ ಆ ನಷ್ಟ ಯಾರದು? ಲಾಭ ಬಂದರೆ ಅದು ಎಲ್ಲಿಗೆ ಸಲ್ಲಬೇಕೆಂಬುದನ್ನು 30ನೆಯ ಕಲಮು ಸಾಂಗವಾಗಿ ವಿವರಿಸುತ್ತದೆ: ಪ್ರಯಾಣಿಕರ ಅನುಕೂಲಕ್ಕೆ, ಕೆಲಸಗಾರರ ಹಿತಕ್ಕೆ, ಸಾರಿಗೆಯ ವಿಸ್ತಾರಕ್ಕೆ, ಉಳಿದುದು ರಸ್ತೆಗಳ ಏಳಿಗೆಗೆಂದು ಸರಕಾರಕ್ಕೆ. ನಷ್ಟವನ್ನು ಇಂಥವರು ಇಂಥ ವೇಳೆಗೆ ತುಂಬತಕ್ಕದ್ದೆಂದು ಅಷ್ಟೇ ಸ್ಪಷ್ಟವಾಗಿ ಹೇಳುವ ಕಲಮನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. ಬಂಡವಾಳವನ್ನು ಕೇಂದ್ರವೂ ರಾಜ್ಯವೂ ಕೊಡಬಹುದೆಂದು 23ನೆಯ ಕಲಮಿನಲ್ಲಿದೆ. ಕೇಂದ್ರದ ಪಾಲು ಕಾಲಕ್ರಮದಲ್ಲಿ ನಿಂತುಹೋಯಿತು.

ಕಾಯಿದೆಗಳು ಒಂದು ಕಾಲಕ್ಕೆ ನಿಗಮವನ್ನು ಕಾಯ್ದದ್ದೂ ಉಂಟು. 1976ರಲ್ಲಿ ಕರ್ನಾಟಕ ಸರಕಾರವು ಖಾಸಗಿ ಒಪ್ಪಂದದ ವಾಹನಗಳನ್ನು ಸ್ವಾಧೀನಪಡಿಸಿಕೊಳ್ಳುವ ಕಾಯಿದೆ ಮಾಡಿತು. ರಂಗನಾಥ ರೆಡ್ಡಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಅದನ್ನು ಎತ್ತಿಹಿಡಿಯಿತು. 2003ರಲ್ಲಿ ಅದೇ ಶಾಸನಸಭೆ ಅದನ್ನು ರದ್ದುಮಾಡಿತು. ರಾತ್ರಿ ಕೂಡ್ಲಿಗಿಯ ಹೆದ್ದಾರಿಯಲ್ಲಿ ನಿಂತು ನೋಡಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ದೂರದ ಊರಿನ, ದುಡ್ಡುಳ್ಳ ಪ್ರಯಾಣಿಕನನ್ನು ಖಾಸಗಿ ಗಾಡಿ ಹತ್ತಿಸಿಕೊಂಡು ಹೋಗುತ್ತದೆ. ಹೆದ್ದಾರಿಯಿಂದ ಒಳಗೆ ತಿರುಗುವ ಕಲ್ಲುದಾರಿಗೆ ಮಾತ್ರ ಸರಕಾರಿ ಬಸ್ಸೇ ಗತಿ.

ಹಣದ ಮಾತು ಇದಕ್ಕಿಂತಲೂ ವಿಚಿತ್ರ. 2013ರ ಜನವರಿಯಲ್ಲಿ ಕೇಂದ್ರ ಸರಕಾರವು ಸಗಟಾಗಿ ಡೀಸೆಲ್ ಕೊಳ್ಳುವವರಿಗೆ ಸಹಾಯಧನವನ್ನು ನಿಲ್ಲಿಸಿತು. ಒಂದು ಲೀಟರನ್ನು ಕೊಳ್ಳುವವನಿಗಿಂತ ಸಾವಿರ ಲೀಟರನ್ನು ಕೊಳ್ಳುವವನಿಗೆ ಹೆಚ್ಚು ದರ! ದೇಶದ ಹಲವೆಡೆ ಸಾರಿಗೆ ಸಂಸ್ಥೆಗಳು ತಮ್ಮ ಡಿಪೋದ ಬಂಕನ್ನು ಬಿಟ್ಟು ರಸ್ತೆಯ ಬಂಕುಗಳ ಮುಂದೆ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಬೇಕಾಯಿತು. 2022ರಲ್ಲಿ ಸಗಟು ದರ ಏರಿದಾಗ ಮತ್ತೊಮ್ಮೆ ಅದೇ ಪ್ರಸಂಗ. ಡೀಸೆಲ್ಲು ಜಿಎಸ್‌ಟಿಯ ಹೊರಗಿರುವುದರಿಂದ ಅದರ ಮೇಲಿನ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಬರುತ್ತದೆ. ಈ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ಶೇಕಡಾ 18.44ರಿಂದ 21.17ಕ್ಕೆ ಏರಿಸಿದರು. ಹೀಗೆ ಸರಕಾರವು ಬಲಗೈಯಿಂದ ನಿಗಮಕ್ಕೆ ಸಹಾಯ ಕೊಟ್ಟು ಎಡಗೈಯಿಂದ ಅದರಲ್ಲೊಂದು ಪಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಟಿಕೆಟ್ಟಿನ ದರವಾದರೂ ನಿಗಮದ ಕೈಯಲ್ಲಿದೆಯೇ? ಅದೂ ಇಲ್ಲ. 2020ರ ಫೆಬ್ರುವರಿಯಲ್ಲಿ ಶೇಕಡಾ 12ರಷ್ಟು ಏರಿದ ದರ ಮತ್ತೆ ಏರಿದ್ದು 2025ರ ಜನವರಿ 5ರಂದು, ಶೇಕಡಾ 15ರಷ್ಟು, ಒಂದೇ ಏಟಿಗೆ. ನಡುವಿನ ಐದು ವರ್ಷ ಡೀಸೆಲ್ಲು, ಟಯರು, ಬಿಡಿಭಾಗಗಳೆಲ್ಲ ಏರುತ್ತಲೇ ಇದ್ದವು. ಚುನಾವಣೆಗಳು ಬರುತ್ತ ಹೋಗುತ್ತ ಇದ್ದುದರಿಂದ ದರದ ಕಡತವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ವರ್ಷವರ್ಷಕ್ಕೂ ನಾಲ್ಕು ಕಾಸು ಏರಿದ್ದರೆ ಬಡವನಿಗೆ ಹೊರೆಯಾಗುತ್ತಿರಲಿಲ್ಲ. ಒಮ್ಮೆಲೇ ಏರಿಸಿದ್ದರಿಂದ ಬಡವನೂ ನೊಂದ, ಸಂಸ್ಥೆಯೂ ಬೆಳೆಯಲಿಲ್ಲ.

ಈಗ ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುತ್ತಿದ್ದಾರೆ. 2025ರ ಜುಲೈ 14ರ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತೆಂದು ಸರಕಾರವೇ ಹಬ್ಬ ಮಾಡಿತು. ಇದರಿಂದಲೇ ಸಾರಿಗೆ ಹಾಳಾಯಿತೆಂದು ಹೇಳುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಹಡಗಲಿಯ ಹೊಲದಲ್ಲಿ ಮಲ್ಲಿಗೆ ಬಿಡಿಸುವ ತಾಯಿ ಆಸ್ಪತ್ರೆಗೆ ಹೋಗಲು ಗಂಡನ ಮುಂದೆ ಕೈ ಚಾಚಬೇಕಿಲ್ಲವಾದರೆ ಅದು ಸಣ್ಣ ಸ್ವಾತಂತ್ರ್ಯವಲ್ಲ. ಗಂಡಸರು ನಿಂತು ಪ್ರಯಾಣ ಮಾಡಬೇಕಾಗಿದೆಯೆಂಬ ಆಕ್ಷೇಪಕ್ಕೆ ಉತ್ತರ ಇನ್ನೊಂದು ಬಸ್ಸು, ತಾಯಂದಿರನ್ನು ಇಳಿಸುವುದಲ್ಲ.

ನಮ್ಮ ಆಕ್ಷೇಪ ಬೇರೆ. ಕಂಡಕ್ಟರನು ಕೊಡುವ ಶೂನ್ಯ ಬೆಲೆಯ ಚೀಟಿ ನಿಗಮದ ಪಾಲಿಗೆ ಸರಕಾರದ ಮೇಲಿನ ಹುಂಡಿಯಿದ್ದಂತೆ. ಹುಂಡಿಗೆ ಗಡುವಿನ ದಿನ ಹಣ ಸಲ್ಲಬೇಕು. 2025–26ರ ಆಯವ್ಯಯದಲ್ಲಿ ಇದಕ್ಕಾಗಿ 5,300 ಕೋಟಿ ರೂಪಾಯಿ ತೆಗೆದಿಟ್ಟರು, ನಿಜ. ಆದರೆ ನಿಗಮಗಳು ಕೇಳುವ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಅಂತರ ಉಳಿಯುತ್ತಲೇ ಬಂದಿದೆ. 2025ರ ಮೊದಲಿನಲ್ಲಿ ನಾಲ್ಕೂ ನಿಗಮಗಳಿಗೆ 2,000 ಕೋಟಿ ರೂಪಾಯಿ ಸಾಲ ಎತ್ತಲು ಸರಕಾರ ಅನುಮತಿ ಕೊಟ್ಟು ತಾನು ಜಾಮೀನು ನಿಂತಿತು. ಯಾತಕ್ಕೆ ಸಾಲ? ಹೊಸ ಬಸ್ಸಿಗಲ್ಲ, ಕೆಲಸಗಾರರ ಭವಿಷ್ಯ ನಿಧಿಯ ಬಾಕಿಗೆ, ಇಂಧನದ ಬಾಕಿಗೆ. ಹುಂಡಿ ಬರೆದವನೇ ಸಾಹುಕಾರನ ಮನೆಯ ದಾರಿ ತೋರಿಸಿ ‘ಅಲ್ಲಿ ತೆಗೆದುಕೋ, ನಾನು ಹೇಳುತ್ತೇನೆ’ ಎಂದಂತಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಮಕ್ಕಳ ಪಾಸಿನದೂ ಇದೇ ಗತಿ: ಒಂದು ಭಾಗ ವಿದ್ಯಾರ್ಥಿಯದು, ಒಂದು ಭಾಗ ಸರಕಾರದ್ದು, ಉಳಿದುದನ್ನು ನಿಗಮ ತಾನೇ ನುಂಗಿಕೊಳ್ಳುವುದು ಬಹುಕಾಲದ ರೂಢಿ.

ನೌಕರರ ವಿಷಯವನ್ನೂ ಹೇಳಿಬಿಡಬೇಕು. 2020ರ ಜನವರಿಯಿಂದ ಸಲ್ಲಬೇಕಾದ ವೇತನ ಪರಿಷ್ಕರಣೆ ಕೈಗೆ ಬಂದದ್ದು 2023ರ ಮಾರ್ಚಿಯಿಂದ. ನಡುವಿನ 38 ತಿಂಗಳ ಬಾಕಿಗಾಗಿಯೇ 2025ರ ಆಗಸ್ಟ್ 5ರಂದು ಬಸ್ಸುಗಳು ನಿಂತವು, ಉಚ್ಚ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಅಂದು ನಿಲ್ದಾಣಗಳಲ್ಲಿ ಕಾದು ಬೇಸತ್ತವರು ನೌಕರರನ್ನು ಶಪಿಸಿದರು. ವೇತನದ ಸೂಚನೆ ಕೊಡುವ ಅಧಿಕಾರ 34ನೆಯ ಕಲಮಿನಲ್ಲಿ ಯಾರಿಗಿದೆಯೆಂಬುದನ್ನು ತಾವೀಗ ಕೇಳಿದ್ದೀರಿ.

ಹಣ ತಡವಾದಾಗ ಏನು ಕಡಿತವಾಗುತ್ತದೆ? ಬೆಂಗಳೂರಿನ ರಾತ್ರಿ ಬಸ್ಸು ಕಡಿತವಾಗದು, ಅದರಲ್ಲಿ ಉತ್ಪನ್ನವಿದೆ. ಕಡಿತವಾಗುವುದು ವಸ್ತಿ ಬಸ್ಸು. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಿನ ಜಾವ ಹೂವಿನ ಬುಟ್ಟಿ, ಹಾಲಿನ ಕ್ಯಾನು, ಕೋರ್ಟಿನ ಕಕ್ಷಿಗಾರ, ಬಸುರಿ, ಬಾಣಂತಿ, ಶಾಲೆಯ ಮಕ್ಕಳು ಇವರೆಲ್ಲರನ್ನೂ ಹೊತ್ತು ತರುವ ಬಸ್ಸು ಅದು. ಮೊದಲು ‘ಗಾಡಿ ರಿಪೇರಿ’ ಎನ್ನುತ್ತಾರೆ, ಆಮೇಲೆ ‘ಸಿಬ್ಬಂದಿ ಇಲ್ಲ’ ಎನ್ನುತ್ತಾರೆ. ಮೂರು ತಿಂಗಳು ಕಳೆದರೆ ಆ ವೇಳೆ ಪಟ್ಟಿಯಲ್ಲಿಯೇ ಇರುವುದಿಲ್ಲ. ಆದೇಶವಿಲ್ಲ, ಸಹಿಯಿಲ್ಲ. ಹಳ್ಳಿಯಲ್ಲಿ ಮಾತ್ರ ಹತ್ತನೆಯ ತರಗತಿ ಮುಗಿಸಿದ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಪ್ರಯಾಣವೆಲ್ಲ ಉಚಿತ, ಆದರೆ ಬಸ್ಸಿಲ್ಲವೆಂದರೆ ಉಚಿತವಾದುದೇನು?

ಕೇಂದ್ರದತ್ತ ನೋಡೋಣವೆಂದರೆ, 2023ರಲ್ಲಿ ಹೊರಟ ಪ್ರಧಾನಮಂತ್ರಿ ಇ–ಬಸ್ ಸೇವೆ ನಗರಗಳಿಗೆ ಮೀಸಲು. ಕೊಟ್ಟೂರು ಆ ಎಣಿಕೆಗೆ ಬಾರದು. ರೈಲಿನ ಆಸೆಯೋ, ಕೊಟ್ಟೂರಿನಲ್ಲಿ ಕೊನೆಗೊಂಡಿದ್ದ ಹಳಿ ಹರಪನಹಳ್ಳಿಯ ಮೇಲೆ ಹರಿಹರ ಮುಟ್ಟಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಬಲ್ಲ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ನಮಗುಳಿದ ಒಂದು ವಿಶೇಷ ಹಕ್ಕು ಸಂವಿಧಾನದ 371(ಜೆ) ವಿಧಿ. ಹರಪನಹಳ್ಳಿಯವರು 1997ರಲ್ಲಿ ದಾವಣಗೆರೆಗೆ ಸೇರಿ, ಈ ವಿಧಿಯ ಫಲಕ್ಕಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನಮ್ಮೊಡನೆ ವಿಜಯನಗರ ಜಿಲ್ಲೆಯವರಾದರು. ಪ್ರದೇಶದ ಅಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ನಿಗಮಕ್ಕೆ ಬಸ್ಸುಗಳು ಬಂದಿವೆ, ಸಂತೋಷ. ಆದರೆ ಬಸ್ಸು ಕೊಳ್ಳುವುದು ಒಂದು ದಿನದ ಖರ್ಚು, ಓಡಿಸುವುದು ದಿನದಿನದ್ದು. ಪೂಜೆ ಮಾಡಿ ಹಾರ ಹಾಕಿದ ಬಸ್ಸಿಗೂ ಮರುದಿನ ಡೀಸೆಲ್ಲು ಬೇಕು.

ಆದಕಾರಣ ನಾವು ಸರಕಾರಕ್ಕೆ ಒಂದು ಮನವಿಯನ್ನು ಬರೆದಿದ್ದೇವೆ. ಸರಕಾರವು ನಿಗಮಕ್ಕೆ ಯಾವ ಅಪ್ಪಣೆಯನ್ನೇ ಕೊಡಲಿ, ಅದರ ಖರ್ಚೆಷ್ಟೆಂಬುದನ್ನು ಅದೇ ಆದೇಶದಲ್ಲಿ ಬರೆದು, ಆ ಹಣವನ್ನು ತ್ರೈಮಾಸಿಕದ ಆರಂಭದಲ್ಲಿಯೇ ಕೊಡಬೇಕೆಂಬುದು ಅದರ ಮುಖ್ಯ ಮಾತು. ಹಳ್ಳಿಯ ದಾರಿಗಳ ನಷ್ಟವನ್ನು ಡಿಪೋವಾರು ಲೆಕ್ಕ ಹಾಕಿ ಪ್ರದೇಶದ ನಿಧಿಯಿಂದ ಓಡಾಟದ ಖರ್ಚಿಗೇ ಒಂದು ಪಾಲನ್ನು ಕಟ್ಟಿಡಬೇಕೆಂದೂ ಕೇಳಿದ್ದೇವೆ. ದರ ನಿರ್ಣಯವನ್ನು ಮಂತ್ರಿಗಳ ಮೇಜಿನಿಂದ ತೆಗೆದು ಸ್ವತಂತ್ರ ಸಮಿತಿಗೆ ಒಪ್ಪಿಸುವುದನ್ನು ನಾವು ಒಪ್ಪುತ್ತೇವೆ, ದರ ಕೊಂಚ ಏರಿದರೂ ಸರಿಯೇ. ಈ ಮಾತು ಎಲ್ಲರಿಗೂ ರುಚಿಸದೆಂದು ಬಲ್ಲೆವು. ಕಾಯಿದೆಯ 17ನೆಯ ಕಲಮಿನಲ್ಲಿ ಸಲಹಾ ಮಂಡಲಿಗಳನ್ನು ನೇಮಿಸುವ ಅವಕಾಶವಿದೆ. ನಮ್ಮ ಐದು ತಾಲ್ಲೂಕುಗಳಿಗೆ ಅಂಥದೊಂದನ್ನು ನೇಮಿಸಿ, ಅದರಲ್ಲಿ ಹೆಣ್ಣುಮಕ್ಕಳಿಗೂ ವಿದ್ಯಾರ್ಥಿಗಳಿಗೂ ಸ್ಥಾನ ಕೊಡಬೇಕು. ಆ ಮಂಡಲಿಯ ಮುಂದೆ ಇಡದೆ ಯಾವ ವಸ್ತಿ ಬಸ್ಸನ್ನೂ ನಿಲ್ಲಿಸಕೂಡದು.

ಮನವಿಗೆ ಸಾಕ್ಷ್ಯ ಬೇಕು. ರದ್ದಾದ ಟ್ರಿಪ್ಪುಗಳ ಲೆಕ್ಕವನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಪ್ರತಿಯೊಂದು ಡಿಪೋದಿಂದಲೂ ಕೇಳುತ್ತೇವೆ. ಆ ಅರ್ಜಿಗಳನ್ನು ಬರೆಯುವ ಕೆಲಸ ನಮ್ಮದು. ತಮ್ಮ ಕೆಲಸ ಇನ್ನೊಂದು. ಊರಿನ ಹೆಸರು, ಬಸ್ಸಿನ ವೇಳೆ, ಅದು ಬಾರದ ದಿನ, ಈ ಮೂರನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಡಲು ಹಳ್ಳಿಗೊಬ್ಬರು ಬೇಕಾಗಿದ್ದಾರೆ. ಒಪ್ಪುವವರು ಹೊರಡುವ ಮುನ್ನ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಟ್ಟು ಹೋಗಬೇಕೆಂದು ಕೋರುತ್ತೇವೆ.