ಪೂರ್ತಿ ಹೆಸರು ಹಾಕಲಾಗದ ನಾಟಕಗಾರ್ತಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಪ್ಪು ಜನರ ಸಾಹಿತ್ಯದ ಬಗ್ಗೆ ಮಾತಾಡಿ ಅಂತ ನಮಗೆ ಹೇಳಿದ್ದಾರೆ. ಹತ್ತು ಹೆಸರು ಓದಿ ಕೂತುಬಿಡಬಹುದಿತ್ತು. ಹೆಸರುಗಳ ಪಟ್ಟಿ ಬೇಡ. ಒಬ್ಬಳ ವಿಷಯ ಮಾತ್ರ ಹೇಳ್ತೀವಿ. ಲೊರೇನ್ ಹ್ಯಾನ್ಸ್‌ಬೆರಿ. 1930ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಹುಟ್ಟಿದಳು. ಸತ್ತಾಗ ವಯಸ್ಸು 34.

ಜಾತಿ ಕೇಳಿ ಕೋಣೆ ಇಲ್ಲ ಅನ್ನಿಸಿಕೊಂಡವರು ಕೈ ಎತ್ತಿ ಅಂತ ಇಲ್ಲಿ ಕೇಳೋದು ಬೇಡ, ಯಾರ ಕೈಯೂ ಕೆಳಗೆ ಉಳಿಯೋದಿಲ್ಲ. ಷಿಕಾಗೋದ ಬಿಳಿಯರ ಬೀದಿಗಳಲ್ಲಿ ಕಪ್ಪು ಜನಕ್ಕೆ ಮನೆ ಮಾರೋದಿಲ್ಲ, ಬಾಡಿಗೆಗೂ ಕೊಡೋದಿಲ್ಲ ಅಂತ ಮಾಲೀಕರು ಕರಾರು ಬರೆದುಕೊಂಡಿದ್ದರು. ಲೊರೇನಳ ಅಪ್ಪ 1937ರಲ್ಲಿ ಅಂಥದೊಂದು ಬೀದಿಯಲ್ಲೇ ಮನೆ ಕೊಂಡ. ಗುಂಪು ಸೇರಿತು. ಕಿಟಕಿ ಒಡೆದು ಒಳಗೆ ಬಿದ್ದ ಕಲ್ಲು ಆ ಹುಡುಗಿಯ ತಲೆಗೆ ತಾಗೋದು ಸ್ವಲ್ಪದರಲ್ಲಿ ತಪ್ಪಿತು. ತಾಯಿ ಗುಂಡು ತುಂಬಿದ ಪಿಸ್ತೂಲು ಹಿಡಿದು ರಾತ್ರಿಯೆಲ್ಲ ಮಕ್ಕಳನ್ನ ಕಾದಳು. ಅಪ್ಪ ಸುಪ್ರೀಂ ಕೋರ್ಟಿನತನಕ ಹೋಗಿ 1940ರಲ್ಲಿ ಗೆದ್ದ. ಗೆದ್ದದ್ದು ಒಂದು ತಾಂತ್ರಿಕ ಕಾರಣಕ್ಕೆ. ಕರಾರು ಎಂಬ ಪದ್ಧತಿ ಹಾಗೇ ಉಳಿಯಿತು. ಇನ್ನೊಂದು ಮಾತು: ಈ ಅಪ್ಪ ಬಡವನಲ್ಲ, ಮನೆ ವ್ಯವಹಾರ ಮಾಡುತ್ತಿದ್ದ ಅನುಕೂಲಸ್ಥ. ನಾಲ್ಕು ಕಾಸು ಬಂದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋರಿಗೆ ಆ ಕಲ್ಲನ್ನ ತೋರಿಸಬೇಕು.

ಕಾಲೇಜಿನಲ್ಲಿದ್ದಾಗ ಈಕೆ ಐರ್ಲೆಂಡಿನ ಸೀನ್ ಓಕೇಸಿಯ ನಾಟಕದ ತಾಲೀಮು ನೋಡಿದಳು. ಡಬ್ಲಿನ್ನಿನ ಬಡ ತಾಯಿಯೊಬ್ಬಳು ಸತ್ತ ಮಗನಿಗಾಗಿ ಅಳುವ ಅಳು. ಬಿಳಿ ಹೆಂಗಸಿನ ಅಳುವಿನಲ್ಲಿ ಈಕೆಗೆ ತನ್ನ ಕೇರಿಯ ಅಳು ಕೇಳಿಸಿತು. ತನ್ನ ಜನರನ್ನ ತೊಳೆದು ಬಳಿದು ತೋರಿಸಬೇಕಾಗಿಲ್ಲ, ಇದ್ದ ಹಾಗೇ ರಂಗದ ಮೇಲೆ ತಂದರೆ ಸಾಕು ಅನ್ನೋದನ್ನ ಅಲ್ಲಿ ಕಲಿತಳು. ಡಿಗ್ರಿ ಮುಗಿಸದೇ 1950ರಲ್ಲಿ ನ್ಯೂಯಾರ್ಕಿಗೆ ಹೋಗಿ, ಗಾಯಕ ಪಾಲ್ ರೋಬ್ಸನ್ನರ ‘ಫ್ರೀಡಂ’ ಪತ್ರಿಕೆಯಲ್ಲಿ ದುಡಿದಳು. ಡುಬಾಯ್ಸ್ ಅವರ ಬಳಿ ಆಫ್ರಿಕಾದ ಚರಿತ್ರೆ ಓದಿದಳು. ನಮ್ಮ ಬಾಬಾಸಾಹೇಬರು 1946ರಲ್ಲಿ ಅಮೆರಿಕಕ್ಕೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಮನವಿಯ ಪ್ರತಿ ಕೇಳಿದ್ದು ಇದೇ ಡುಬಾಯ್ಸ್ ಅವರನ್ನ.

ಬರೆಯೋದಕ್ಕೆ ಪುರುಸೊತ್ತು ಬೇಕು, ಪುರುಸೊತ್ತಿಗೆ ಕಾಸು ಬೇಕು. ಆಕೆಯ ಗಂಡ ರಾಬರ್ಟ್ ನೆಮಿರಾಫ್ ಗೆಳೆಯನೊಬ್ಬನ ಜೊತೆ ಕಟ್ಟಿದ ಒಂದು ಹಾಡು 1956ರಲ್ಲಿ ಚೆನ್ನಾಗಿ ಓಡಿತು. ಆ ದುಡ್ಡಿನಲ್ಲಿ ಆಕೆ ಚಿಲ್ಲರೆ ಕೆಲಸಗಳನ್ನ ಬಿಟ್ಟು ಕೂತು ಬರೆದಳು. ಒಂದು ರಾತ್ರಿ ಬೇಸತ್ತು ಹಾಳೆಗಳನ್ನೆಲ್ಲ ನೆಲಕ್ಕೆ ಚೆಲ್ಲಿ, ಒಲೆಗೆ ಗುಡಿಸಿ ಹಾಕೋಕೆ ಪೊರಕೆ ತರಲು ಹೋದಳಂತೆ. ಆಯ್ದಿಟ್ಟವನು ಗಂಡ. ಅದೇ ‘ಎ ರೈಸಿನ್ ಇನ್ ದ ಸನ್’. 1959ರ ಮಾರ್ಚ್ 11ರಂದು ಬ್ರಾಡ್‌ವೇ ರಂಗಕ್ಕೆ ಬಂತು. ಕಪ್ಪು ಹೆಣ್ಣೊಬ್ಬಳು ಬರೆದ ನಾಟಕ ಅಲ್ಲಿಗೆ ಬಂದದ್ದು ಅದೇ ಮೊದಲು. 530 ಪ್ರದರ್ಶನ ಆಯ್ತು.

ನಾಟಕದಲ್ಲಿ ಇರೋದು ಒಂದು ಇಕ್ಕಟ್ಟಾದ ಮನೆ. ಕಕ್ಕಸು ಹೊರಗೆ, ಪಕ್ಕದ ಮನೆಯವರ ಜೊತೆ ಪಾಳಿ. ಕಿಟಕಿಯಲ್ಲಿ ಬಿಸಿಲು ಕಾಣದೆ ಸೊರಗಿದ ಒಂದು ಗಿಡ. ಸತ್ತ ಅಪ್ಪನ ವಿಮೆಯ ಹತ್ತು ಸಾವಿರ ಡಾಲರು ಬರುತ್ತೆ. ತಾಯಿಗೆ ಮನೆ ಬೇಕು, ಮಗನಿಗೆ ವ್ಯಾಪಾರ, ಮಗಳಿಗೆ ಡಾಕ್ಟರಿಕೆ. ಮಗ ಆರೂವರೆ ಸಾವಿರ ಕಳೆದು ಬರ್ತಾನೆ. ಅಷ್ಟರಲ್ಲಿ ಬಿಳಿಯರ ಬೀದಿಯಿಂದ ಒಬ್ಬ ಬಂದು, ನೀವು ನಮ್ಮ ಬೀದಿಗೆ ಬರಬೇಡಿ, ಬೇಕಾದ್ರೆ ದುಡ್ಡು ಕೊಡ್ತೀವಿ ಅಂತಾನೆ. ಬಯ್ಯೋದಿಲ್ಲ ಅವನು. ನಗುನಗುತ್ತಾ ಮಾತಾಡ್ತಾನೆ. ಆ ನಗೆ ನಮಗೆ ಗೊತ್ತು. ಊರಗೌಡ ಅಂಗಳದಲ್ಲಿ ನಿಂತು ‘ಯಾಕಪ್ಪಾ ಗಲಾಟೆ’ ಅಂತಾನಲ್ಲ, ಅದೇ.

ಇಷ್ಟು ಮಾತ್ರ ಹೇಳಿದ್ದರೆ ನಿಮ್ಮ ಚಪ್ಪಾಳೆ ಸಿಗುತ್ತಿತ್ತು. ಇನ್ನರ್ಧ ಹೇಳೋಕೆ ನಮಗೇ ಗಂಟಲು ಕಟ್ಟುತ್ತೆ.

ಲೊರೇನ್ ಹೆಣ್ಣನ್ನ ಪ್ರೀತಿಸುವ ಹೆಣ್ಣು. ಆಗ ‘ದ ಲ್ಯಾಡರ್’ ಅಂತ ಒಂದು ಪತ್ರಿಕೆ ಇತ್ತು. ಲ್ಯಾಡರ್ ಅಂದ್ರೆ ಏಣಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥ ಹೆಂಗಸರೇ ಸೇರಿ 1956ರಲ್ಲಿ ಶುರುಮಾಡಿದ್ದು. ಮೊದಲ ಸಂಚಿಕೆ ನಮ್ಮ ಈ ಹಾಳೆಗಳ ಹಾಗೇ ಕೈಯಲ್ಲಿ ಒತ್ತಿ ತೆಗೆದದ್ದು. 1957ರಲ್ಲಿ ಲೊರೇನ್ ಅದಕ್ಕೆ ಎರಡು ಕಾಗದ ಬರೆದಳು. ಸಹಿ ಬರೀ ಅಕ್ಷರಗಳು: ಎಲ್.ಎಚ್.ಎನ್., ಎಲ್.ಎನ್. ಬೇರೆ ಹೆಸರಿಟ್ಟುಕೊಂಡು ಕತೆಗಳನ್ನೂ ಬರೆದಳು. ಸರ್ಕಾರ ಇಂಥವರನ್ನ ಹುಡುಕಿ ಹುಡುಕಿ ಕೆಲಸದಿಂದ ತೆಗೆಯುತ್ತಿದ್ದ ಕಾಲ. ಎಡಪಂಥದವಳು ಅಂತ ಎಫ್‌ಬಿಐ ಬೇರೆ ಆಕೆಯ ಬೆನ್ನಿಗಿತ್ತು. ನಾಟಕ ನೋಡಿ ವರದಿ ಬರೆಯೋಕೂ ಆಳು ಕಳಿಸಿತ್ತು.

ಆ ಮೊದಲ ಕಾಗದದಲ್ಲಿ ಒಂದು ಮಾತಿದೆ. ಗಂಡಸರ ಹಾಗೆ ಕ್ರಾಪು, ಪ್ಯಾಂಟು ಹಾಕುವ ಗೆಳತಿಯರು ಬೀದಿಯಲ್ಲಿ ಸ್ವಲ್ಪ ಅಡಗಿ ನಡೆಯಲಿ ಅಂತ ಅವರಲ್ಲೇ ಕೆಲವರ ವಾದ. ಲೊರೇನ್ ಅದನ್ನ ಅರ್ಧ ಒಪ್ಪುತ್ತಾಳೆ, ಸುಳ್ಳು ಹೇಳೋದಿಲ್ಲ. ಆದರೆ ತಾನು ಕಪ್ಪು ಜನರಲ್ಲಿ ಬೆಳೆದವಳು, ಮೇಲಿನವರು ಒಪ್ಪುವ ಹಾಗೆ ಇರಿ ಅಂತ ನಮ್ಮವರೇ ನಮಗೆ ಬೋಧಿಸೋದನ್ನ ಕೇಳಿ ಕೇಳಿ ಬಲ್ಲೆ, ಅದೇ ಕೊನೆಯ ಗುರಿಯಾದರೆ ಅದು ಟೊಳ್ಳು ಅನ್ನೋ ಅರ್ಥದಲ್ಲಿ ಬರೀತಾಳೆ. ಇಸ್ತ್ರಿ ಅಂಗಿ ಹಾಕ್ಕೋ, ಮಾತು ತಿದ್ದಿಕೋ, ಮೆಸ್ಸಲ್ಲಿ ಏನು ತಿಂದೆ ಅಂತ ಹೇಳಬೇಡ ಅಂತ ಕೇಳಿ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಎರಡನೇ ಕಾಗದದಲ್ಲಿ, ಹೆಣ್ಣನ್ನ ಕೀಳಾಗಿ ಕಾಣೋದೂ ಇವರನ್ನ ಹಿಂಸಿಸೋದೂ ಒಂದೇ ಬೇರಿನವು ಅನ್ನೋ ಕಡೆಗೆ ಆಕೆ ಬೆರಳು ತೋರಿಸ್ತಾಳೆ.

ಈಗ ನಮ್ಮ ವಿಷಯ. ನಮ್ಮ ಹಾಸ್ಟೆಲಲ್ಲೊಬ್ಬ ಹುಡುಗ ಇದ್ದ. ಬೀದಿ ನಾಟಕದಲ್ಲಿ ಹೆಣ್ಣಿನ ಪಾತ್ರ ಅವನದೇ. ಅವನು ಸೆರಗು ಸರಿಮಾಡಿಕೊಂಡ್ರೆ ಕೇರಿಯ ಮುದುಕಿಯರು ಕಣ್ಣೊರೆಸಿಕೊಳ್ಳೋರು. ನಾಟಕ ಮುಗಿದು ಕೋಣೆಗೆ ಬಂದ ಮೇಲೂ ಅವನ ನಡಿಗೆ ಬದಲಾಗಲಿಲ್ಲ. ನಾವು ಅವನಿಗೆ ಹೆಸರಿಟ್ಟೆವು. ಆ ಹೆಸರನ್ನ ಇಲ್ಲಿ ಹೇಳೋದಿಲ್ಲ. ಒಂದಿನ ಟ್ರಂಕು ಹೊತ್ತುಕೊಂಡು ಹೋದ. 2018ರ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಇದು ಅಪರಾಧವಲ್ಲ ಅಂತ ಹೇಳಿತ್ತು. ನಮ್ಮ ಕೋಣೆ ಹೇಳಿರಲಿಲ್ಲ. ಊರಿನವರು ನಮ್ಮನ್ನ ಕೇರಿ ಹೆಸರಿಂದ ಕೂಗಿದಾಗ ಮುಷ್ಟಿ ಕಟ್ಟಿದವರು ನಾವೇ.

1960ರಲ್ಲಿ ಲೊರೇನ್ ತನಗಾಗಿ ಎರಡು ಪಟ್ಟಿ ಬರೆದಿಟ್ಟಳು: ನನಗೆ ಇಷ್ಟವಾದದ್ದು, ನಾನು ದ್ವೇಷಿಸೋದು. ಹೆಣ್ಣನ್ನ ಪ್ರೀತಿಸುವ ತನ್ನ ಗುಣವನ್ನ ಎರಡೂ ಪಟ್ಟಿಯಲ್ಲಿ ಬರೆದಿದ್ದಾಳೆ. ಇದನ್ನ ಓದಿದಾಗ ನಾವು ಬಹಳ ಹೊತ್ತು ಸುಮ್ಮನಿದ್ದೆವು. ನಮ್ಮ ಜಾತಿಯನ್ನ ನಾವೂ ಎರಡು ಪಟ್ಟಿಯಲ್ಲಿ ಬರೆದ ರಾತ್ರಿಗಳಿವೆ.

ಎರಡನೇ ನಾಟಕ 1964ರದು, ‘ದ ಸೈನ್ ಇನ್ ಸಿಡ್ನಿ ಬ್ರುಸ್ಟೀನ್ಸ್ ವಿಂಡೋ’. ಅದರಲ್ಲಿ ಗಂಡನ್ನ ಪ್ರೀತಿಸುವ ಒಬ್ಬ ನಾಟಕಕಾರನನ್ನ ತಂದಳು. ದೇವರು ಮಾಡಿ ಕೂರಿಸಲಿಲ್ಲ; ಅವನಲ್ಲೂ ಸ್ವಾರ್ಥ ಇದೆ, ಅವನಿಂದಲೂ ಒಬ್ಬ ಹೆಣ್ಣಿಗೆ ನೋವಾಗುತ್ತೆ. ನಮ್ಮ ಕತೆಗಳಲ್ಲಿ ನಮ್ಮವನು ಸದಾ ಒಳ್ಳೆಯವನಾಗಿಯೇ ಇರ್ತಾನಲ್ಲ, ಅದನ್ನ ನೆನೆದು ನಾಚಿಕೆಯಾಯಿತು. ಆ ನಾಟಕ ನಡೆಯುತ್ತಿದ್ದಾಗಲೇ ಆಕೆ ಕ್ಯಾನ್ಸರಿನಿಂದ ಮಲಗಿದ್ದಳು. 1965ರ ಜನವರಿ 12ರಂದು ತೀರಿಕೊಂಡಳು. ನಾಟಕವೂ ಅಲ್ಲಿಗೇ ನಿಂತಿತು.

ಗಂಡ ಹೆಂಡತಿ ಆಗಲೇ ಬೇರೆಯಾಗಿದ್ದರು. ಆದರೂ ಆಕೆಯ ಬರಹಗಳನ್ನ ಜೋಪಾನ ಮಾಡಿ ಲೋಕಕ್ಕೆ ಕೊಟ್ಟವನು ಅವನೇ. ಈ ಪ್ರೀತಿಯ ಕಾಗದಗಳನ್ನ ಮಾತ್ರ ಬೇರೆ ಇಟ್ಟ. ಅವು ದಶಕಗಳ ಕಾಲ ಓದುವವರ ಕೈಗೆ ಸಿಗಲಿಲ್ಲ. 2013ರಲ್ಲಿ ‘ಲ್ಯಾಡರ್’ ಕಾಗದಗಳ ಬಗ್ಗೆ ಬ್ರೂಕ್ಲಿನ್ನಿನ ಮ್ಯೂಸಿಯಂ ಒಂದು ಪ್ರದರ್ಶನವನ್ನೇ ಇಟ್ಟಿತು. ಹಗೆಗಳೇ ಬಾಯಿ ಕಟ್ಟಬೇಕು ಅಂತಿಲ್ಲ. ಮರ್ಯಾದೆ ಉಳಿಸೋ ಅಭಿಮಾನಿಗಳೂ ಆ ಕೆಲಸ ಮಾಡ್ತಾರೆ.

ಟ್ರಂಕು ಹೊತ್ತು ಹೋದ ಹುಡುಗ ಈಗ ತಾಲೂಕು ಕೇಂದ್ರದಲ್ಲಿ ಒಂದು ಟೈಲರ್ ಅಂಗಡಿಯಲ್ಲಿದ್ದಾನೆ. ಮುಂದಿನ ನಾಟಕಕ್ಕೆ ಕರೆಯೋಕೆ ಭಾನುವಾರ ಹೋಗ್ತಾ ಇದ್ದೀವಿ. ಕ್ಷಮೆ ಕೇಳೋದು ಮೊದಲು, ಪಾತ್ರದ ಮಾತು ಆಮೇಲೆ. ಬಾಗಿಲು ಹಾಕಿಕೊಂಡ್ರೆ ಅದು ಅವನ ಹಕ್ಕು. ಬೆಳಿಗ್ಗೆ ಏಳೂವರೆ ಬಸ್ಸು; ಹೆಸರಿಟ್ಟವರಲ್ಲಿ ಯಾರಾದರೂ ಬರೋದಿದ್ರೆ ಬನ್ನಿ.